ಅವಳ ಹೆಸರಿನಲ್ಲಿ ನಾನು ಆಡಿದ ಮಾತು

ಹೋದ ವಾರ ಗಿರಣಿಯ ಗೋಡೆಗೆ ಸುಣ್ಣ ಹೊಡೆಯಬೇಕೆಂದು ತಗಡಿನ ಚೂರು ಹಿಡಿದು ಹಳೆಯ ಹಿಟ್ಟು ಕೆರೆಯುತ್ತಿದ್ದೆ. ಹಿಟ್ಟಿನ ಗಿರಣಿಯ ಗೋಡೆ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಗುತ್ತದೆ. ಜೋಳ, ಗೋಧಿ, ಕಡಲೆ ಎಲ್ಲವೂ ಪದರ ಪದರವಾಗಿ ಕೂತು ಮುಗ್ಗಲು ವಾಸನೆ ಹೊಡೆಯುತ್ತದೆ. ಸ್ವಿಚ್ಚಿನ ಪಕ್ಕದಲ್ಲಿ ಒಂದು ಪದರ ಕಳಚಿ ಬಿದ್ದಾಗ ಅದರ ಕೆಳಗೆ ಇದ್ದಿಲಿನಲ್ಲಿ ಬರೆದ ಒಂದು ಫೋನ್ ನಂಬರ್ ಕಾಣಿಸಿತು. ಮೇಲೆ ದಪ್ಪ ಅಕ್ಷರದಲ್ಲಿ ‘ನಮ್ಮ ಡಾಕ್ಟರ್’ ಎಂದಿತ್ತು. ಬರೆದವನು ನಾನೇ. ನಂಬರ್ ನನ್ನ ತಂಗಿಯದು. ಅದು ಈಗ ಹತ್ತುವುದಿಲ್ಲ...

ನಮ್ಮದು ಔರಾದ ತಾಲ್ಲೂಕಿನ ಸಂತಪುರ. ಅಪ್ಪ ತೀರಿಕೊಂಡಾಗ ನಾನು ಏಳನೇ ತರಗತಿಯಲ್ಲಿದ್ದೆ. ಶಾಲೆ ಬಿಟ್ಟು ಗಿರಣಿ ಹಿಡಿದೆ. ಅದರ ಬೇಸರ ನನಗೇನೂ ಇರಲಿಲ್ಲ, ಪುಸ್ತಕ ಕಂಡರೆ ನನಗೆ ನಿದ್ದೆ ಬರುತ್ತಿತ್ತು. ತಂಗಿ ಹಾಗಲ್ಲ. ಭಾಲ್ಕಿಯ ಹಾಸ್ಟೆಲಿನಲ್ಲಿದ್ದು ಓದಿದಳು, ಬೀದರಿನಲ್ಲಿ ವೈದ್ಯಕೀಯಕ್ಕೆ ಸೀಟು ಹಿಡಿದಳು. ಆ ದಿನ ಗಿರಣಿಗೆ ಬಂದವರಿಗೆಲ್ಲ ಪೇಢಾ ಕೊಟ್ಟೆ. ಮರುದಿನದಿಂದಲೇ ಅವಳನ್ನು ‘ನಮ್ಮ ಡಾಕ್ಟರ್’ ಎಂದು ಕರೆಯತೊಡಗಿದೆ.

“ಅಣ್ಣಾ, ನಾ ಇನ್ನಾ ಎಲುಬಿನ ಹೆಸರು ಬಾಯಿಪಾಠ ಮಾಡ್ಲಕ್ಕತ್ತೀನಿ. ಮಂದಿ ಮುಂದ ಡಾಕ್ಟರ್ ಅನಬ್ಯಾಡ” ಎಂದು ಬೈಯುತ್ತಿದ್ದಳು. ನಾನು ಕೇಳಲಿಲ್ಲ. ಅವಳು ಹೇಳಿದ್ದನ್ನು ನಾನು ಎಂದೂ ಕೇಳಲಿಲ್ಲ. ಈ ಬರಹದಲ್ಲಿ ಇರುವುದೆಲ್ಲ ಅದೇ.

ಅವಳನ್ನು ವಾರ್ಡಿಗೆ ಕರೆದೊಯ್ದು ರೋಗಿಗಳನ್ನು ಮುಟ್ಟಿ ನೋಡಲು ಕಲಿಸುವ ವರ್ಷ ಬರುವುದಕ್ಕೂ ಕೊರೊನಾ ಬರುವುದಕ್ಕೂ ಸರಿಹೋಯಿತು. ಎಲ್ಲವೂ ಬಂದ್ ಆಗಿ ಊರಿಗೆ ಬಂದಳು. ಪಾಠ ಫೋನಿನಲ್ಲಿ. ನಮ್ಮ ಮನೆಯಲ್ಲಿ ಇಂಟರ್‌ನೆಟ್ ಸಿಗುತ್ತಿದ್ದುದು ಗಿರಣಿಯ ಮಾಳಿಗೆಯ ಮೇಲೆ ಮಾತ್ರ. ಕೊಡೆ ಹಿಡಿದು ಬಿಸಿಲಿನಲ್ಲಿ ಕೂಡುತ್ತಿದ್ದಳು. ರೋಗಿಯ ಎದೆಯ ಶಬ್ದ ಹೇಗಿರುತ್ತದೆ ಎಂಬುದನ್ನು ಅವರ ಸರ್ ಫೋನಿನಲ್ಲಿ ಕೇಳಿಸುತ್ತಿದ್ದರು. ಕೆಳಗೆ ನನ್ನ ಗಿರಣಿ ಗಡಗಡ ಅನ್ನುತ್ತಿತ್ತು.

“ಅರ್ಧಾ ತಾಸ ಬಂದ್ ಮಾಡು ಅಣ್ಣಾ. ಏನೂ ಕೇಳಸಂಗಿಲ್ಲ.”

“ಗಿರಾಕಿ ನಿಂತಾರ. ಹಿಂದಾಗಡೆ ಕೇಳಕೋ.”

ಆ ‘ಆಮೇಲೆ’, ಆ ಹಿಂದಾಗಡೆ, ಬರಲೇ ಇಲ್ಲ. ಒಮ್ಮೆ ಅವಳು ಮೆಟ್ಟಿಲಿಳಿದು ಬಂದು ಫೋನನ್ನು ಜೋಳದ ಚೀಲದ ಮೇಲೆ ಒಗೆದು ಅತ್ತಳು. “ಫೋಟೋದಾಗ ಬೀಮಾರಿ ತೋರಸ್ತಾರ. ಮನಷ್ಯಾರನ್ನ ಯಾವಾಗ ತೋರಸ್ತಾರ? ನಾಳಿ ನನ್ನ ಮುಂದ ಖರೇ ಖರೇ ರೋಗಿ ಕೂತ್ರ ನಾ ಏನು ಮಾಡ್ಲಿ?” ಎಂದಳು. ಓದುವವರ ನಾಜೂಕು ಇದು ಎಂದುಕೊಂಡೆ. ಹೊಲದಲ್ಲಿ ಬೆನ್ನು ಬಗ್ಗಿಸುವವರಿಗಿಲ್ಲದ ಚಿಂತೆ ಇವಳಿಗ್ಯಾಕೆ ಎಂದು ಸಿಟ್ಟೂ ಬಂತು.

ಕಲಿಯಲು ರೋಗಿ ಇಲ್ಲವೆಂದು ಅವಳು ಪಕ್ಕದ ಮನೆಯ ಕಾಕಾನನ್ನು ಹಿಡಿದಳು. ಕುರಿ ಸಾಕಿದ ಮನೆತನ, ಗಟ್ಟಿ ಮೈ, ಇಡೀ ಓಣಿಗೆ ಕೇಳುವಷ್ಟು ದೊಡ್ಡ ದನಿ. ಮಧ್ಯಾಹ್ನ ಗಿರಣಿಯ ಕಟ್ಟೆಗೆ ಬಂದು ಕೂಡುವುದು ಅವರ ರೂಢಿ.

“ಕಾಕಾ, ಕಟ್ಟಿ ಮ್ಯಾಲ ಮಲಗ್ರಿ. ನಿಮ್ಮ ಲಿವರ್ ಎಲ್ಲದ ನೋಡಬೇಕು.”

“ನೋಡವ್ವಾ, ನೋಡು. ನೋಡಿ ಅಲ್ಲೇ ಇಟ್ಟು ಹೋಗು, ಬೀದರಕ ಒಯ್ಯಬ್ಯಾಡ.”

“ಈಗ ಉಸಿರು ಒಳಗ ತಗೋರಿ... ಬಿಡ್ರಿ.”

“ಹುಟ್ಟಿದಾಗಿಂದ ಅದೇ ಮಾಡ್ಲಕ್ಕತ್ತೀನಿ ಡಾಕ್ಟರ್ ಬಾಯಿ. ಅದು ಇಂಥಾ ಕಠಿಣ ಕೆಲಸ ಅಂತ ಇವತ್ತೇ ಗೊತ್ತಾತು ನೋಡು!”

ಚೀಲ ಹಿಡಿದು ಸಾಲಿನಲ್ಲಿ ನಿಂತವರೆಲ್ಲ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ಕಿವಿ ಮಾತ್ರ ಅವರ ಎದೆಯ ಮೇಲೆಯೇ ಇರುತ್ತಿತ್ತು. ಆ ನಗುವನ್ನು ನಾನು ಮತ್ತೆ ಕಂಡಿಲ್ಲ.

ಎರಡನೇ ಅಲೆ ಬಂದಾಗ ಅವಳು ಕೊನೆಯ ವರ್ಷದಲ್ಲಿದ್ದಳು. ಪರೀಕ್ಷೆ ಮುಂದೆ ಹೋಯಿತು. ಕೈ ಸಾಲದೆ ಅವರನ್ನೂ ವಾರ್ಡಿನ ಕೆಲಸಕ್ಕೆ ಕರೆದರು. ಕಲಿಸಬೇಕಾದ ಸರ್‌ಗಳಿಗೇ ಆ ರೋಗ ಹೊಸದು. ಮೈಯೆಲ್ಲ ಮುಚ್ಚುವ ಕಿಟ್ ಹಾಕಿಕೊಂಡರೆ ನೀರು ಕುಡಿಯುವಂತಿಲ್ಲ ಎಂದು ಅವ್ವನ ಮುಂದೆ ಫೋನಿನಲ್ಲಿ ಹೇಳಿ ಅಳುತ್ತಿದ್ದಳು. ನಾನು ಹಿಂದಿನಿಂದ ಕೂಗುತ್ತಿದ್ದೆ, “ಟೀವಿದಾಗ ನಿಮಗ ದೇವ್ರು ಅನ್ಲಕ್ಕತ್ತಾರ, ಮತ್ತ ಅಳ್ತೀ ಯಾಕ?”

ಆಗಲೇ ನಾನು ಗೋಡೆಯ ಮೇಲೆ ನಂಬರ್ ಬರೆದದ್ದು. ಬೆಡ್ ಸಿಗ್ತದೇನು, ಇಂಜೆಕ್ಷನ್ ಸಿಗ್ತದೇನು ಎಂದು ಬಂದವರೆಲ್ಲ ಕೇಳುತ್ತಿದ್ದರು. ನಂಬರ್ ಹೇಳಿ ಹೇಳಿ ಬೇಸತ್ತು ಇದ್ದಿಲು ತೆಗೆದುಕೊಂಡೆ. ಖರೆ ಹೇಳಬೇಕೆಂದರೆ ಬೇಸರಕ್ಕಿಂತ ಜಂಬ ಹೆಚ್ಚಿತ್ತು. ಸಂತಪುರದವರು ಬರೆದುಕೊಂಡರು, ಅವರಿಂದ ಔರಾದಿನವರು ಪಡೆದರು. ಅವಳ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು.

“ಅಣ್ಣಾ, ನಿನ್ನ ಕಾಲು ಬೀಳ್ತೇನಿ, ನಂಬರ್ ಅಳಿಸು. ಎಲ್ಲಾರೂ ನನಗ ಕೇಳ್ತಾರ. ನಾ ಏನು ಹೇಳೀನಿ, ಯಾರಿಗಿ ಹೇಳೀನಿ, ನನಗೇ ನೆನಪ ಉಳ್ಯಂಗಿಲ್ಲ.”

ಆಯ್ತು ಎಂದೆ. ಅಳಿಸಲಿಲ್ಲ.

ಒಂದು ಮಧ್ಯಾಹ್ನ ಕಾಕಾನ ಮಗ ಓಡುತ್ತ ಬಂದ. ನಾಲ್ಕು ದಿನದಿಂದ ಕಾಕಾಗೆ ಜ್ವರವಿತ್ತು. “ಅಪ್ಪಗ ದಮ್ ಹತ್ಯಾದ. ಡಾಕ್ಟರ್ ಬಾಯಿ ನನ್ನ ಫೋನ್ ಎತ್ತವಲ್ಲಳು, ನೀ ಹಚ್ಚು. ಬೀದರಕ ಒಯ್ಯೋದೋ ಮನ್ಯಾಗ ಇಡೋದೋ, ಕೇಳು” ಎಂದ. ಹಚ್ಚಿದೆ. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಹಚ್ಚಿದೆ. ಸಾಲಿನಲ್ಲಿದ್ದ ಒಬ್ಬಾಕೆ ಸೆರಗು ಮೂಗಿಗೆ ಹಿಡಿದುಕೊಂಡೇ ಅಂದಳು, “ಅಣ್ಣನ ಫೋನೂ ಎತ್ತಂಗಿಲ್ಲೇನು? ಭಾರಿ ದೊಡ್ಡ ಡಾಕ್ಟರ್ ಆಗ್ಯಾಳ ಬಿಡು.”

ಆ ಮಾತು ನನಗೆ ಚುಚ್ಚಿತು. ಗಿರಣಿ ಓಡುತ್ತಲೇ ಇತ್ತು. ಆ ಸದ್ದಿನಲ್ಲಿ ಫೋನಿನ ಆ ಕಡೆ ಯಾರಿದ್ದಾರೆ, ಯಾರಿಲ್ಲ ಎಂಬುದು ಯಾರಿಗೂ ತಿಳಿಯುವಂತಿರಲಿಲ್ಲ. ನಾನು ಫೋನನ್ನು ಕಿವಿಗೆ ಒತ್ತಿಕೊಂಡು “ಹಾಂ... ಹಾಂ... ಆಯ್ತವ್ವಾ” ಎಂದೆ. ಕಿವಿಯಲ್ಲಿ ಬರೀ ರಿಂಗ್ ಆಗುತ್ತಿತ್ತು.

“ಏನಂದ್ಳು?”

“ಮನ್ಯಾಗೇ ಇಡು ಅಂದಾಳ. ಅಲ್ಲಿ ಬೆಡ್ ಖಾಲಿ ಇಲ್ಲಂತ. ಗುಳಿಗಿ ಕೊಡು, ಉಗಿ ಕೊಡು ಅಂದಾಳ.”

ಅವನು ಕೈಮುಗಿದು ಹೋದ. ನನಗೇ ಕೈಮುಗಿದ! ಬೀದರಿಗೆ ಹೋದವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೆಣವಾಗಿ ಬರುತ್ತಿದ್ದ ದಿನಗಳವು, ಮನೆಯಲ್ಲಿಯೇ ಇರಲಿ ಎಂದು ನನಗೂ ಅನಿಸಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳಲ್ಲ. ಆದರೆ ಆ ಹೊತ್ತಿಗೆ ನನ್ನ ಬಾಯಿಯಿಂದ ಮಾತು ಹೊರಡಿಸಿದ್ದು ಆ ಹೆಂಗಸಿನ ಕುಹಕ.

ಇಷ್ಟಕ್ಕೇ ಮುಗಿದಿದ್ದರೂ ಒಂದು ದಾರಿ ಇತ್ತು. ಸಂಜೆಗೆ ಅವಳೇ ಫೋನ್ ಮಾಡಿದಳು. “ಈಗ ಕಿಟ್ ಬಿಚ್ಚಿ ಹೊರಗ ಬಂದೀನಿ. ಯಾರ್ಯಾರದೋ ಮಿಸ್ಡ್ ಕಾಲ್ ಅವ, ನಿಂದ ನೋಡಿ ಮೊದಲ ಹಚ್ಚೀನಿ. ಏನಾತು ಅಣ್ಣಾ?” ಕಾಕಾ ಆಗ ಗೋಡೆಯ ಆಚೆ ಬದುಕಿದ್ದರು. ಒಂದು ಜೀಪು ಕರೆದರೆ ಬೀದರಿಗೆ ಒಯ್ಯಬಹುದಿತ್ತು. ಹೇಳಿದರೆ, ಅವಳ ಹೆಸರಿನಲ್ಲಿ ನಾನಾಡಿದ್ದು ಬಯಲಾಗುತ್ತಿತ್ತು.

“ಏನಿಲ್ಲ. ಸುಮ್ಮ ಹಚ್ಚಿದ್ದೆ. ಊಟಾ ಮಾಡಿದೇನು?” ಎಂದೆ.

ಮರುದಿನ ಕಾಕಾ ತೀರಿಕೊಂಡರು...

ಮಣ್ಣು ಮುಗಿಸಿದ ಮೇಲೆ ಮಗನ ಸಂಕಟಕ್ಕೆ ಒಂದು ದಾರಿ ಬೇಕಿತ್ತು. ಬೇರೆ ಬೇರೆ ಫೋನಿನಿಂದ ಅವಳಿಗೆ ಹಚ್ಚಿ ಹಚ್ಚಿ ಹಿಡಿದ. ನಮ್ಮ ಅಂಗಳದಲ್ಲೇ ನಿಂತು ಫೋನಿನಲ್ಲಿ ಕೂಗಿದ, “ಮನ್ಯಾಗ ಇಡು ಅಂತ ನೀನೇ ಅಂದಿ! ನಿನ್ನ ಕಾಕಾನ್ನ ನೀನೇ ಕೊಂದಿ!” ನಾನು ಅಲ್ಲೇ ಇದ್ದೆ. ಚಪ್ಪಲಿ ನೋಡುತ್ತ ನಿಂತಿದ್ದೆ.

ಅವಳು ನನಗೆ ಫೋನ್ ಮಾಡಿದಾಗ ಜಗಳಕ್ಕೇ ಮಾಡಿದ್ದಾಳೆ ಎಂದುಕೊಂಡೆ. ನನ್ನ ಕಳ್ಳತನ ಹಿಡಿಯುತ್ತಾಳೆ, ಬೈಯುತ್ತಾಳೆ, ಮುಗಿಯುತ್ತದೆ ಎಂದುಕೊಂಡೆ. ಅವಳ ದನಿ ಸಣ್ಣಗಾಗಿತ್ತು.

“ಅಣ್ಣಾ, ನಾ ಹಂಗ ಅಂದೀನೇನು? ಎಷ್ಟೋ ಮಂದಿಗಿ ಮನ್ಯಾಗ ಇರ್ರಿ ಅಂದೀನಿ. ಕಾಕಾಗೂ ಅಂದೀನೇನು? ನೆನಪ ಮಾಡ್ಕೊಂಡ್ರ ತಲಿ ಖಾಲಿ ಆಗ್ತದ. ನಿನಗ ಗೊತ್ತದೇನು?”

ನಾನು ಅಂದೆ, “ಅಂದಿರಬೇಕು.”

ಇದು ನಾನು ಬರೆಯಬೇಕಾಗಿದ್ದ ಮಾತು. ಉಳಿದಿದ್ದೆಲ್ಲ ಇದರ ಸುತ್ತ ಹಾಕಿದ ಬೇಲಿ.

ಅವಳು ಪರೀಕ್ಷೆಗೆ ಕೂಡಲಿಲ್ಲ. ಗೆಳತಿಯರು ಬಂದು ಕರೆದರು, ಸರ್ ಒಬ್ಬರು ಅವ್ವನಿಗೆ ಫೋನ್ ಮಾಡಿ ಹುಡುಗಿಯನ್ನು ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದರು. ತೋರಿಸಿದೆವು. ಗುಳಿಗೆಯಿಂದ ನಿದ್ದೆ ಬಂತು. ಆದರೆ ಕಲಿಯದೆ ಹೇಳಿದ್ದಕ್ಕೆ ಒಬ್ಬ ಮನುಷ್ಯ ಸತ್ತ ಎಂಬ ನಂಬಿಕೆಗೆ ಅವರ ಹತ್ತಿರ ಗುಳಿಗೆ ಇರಲಿಲ್ಲ. ಅದರ ಔಷಧ ನನ್ನ ಬಾಯಿಯಲ್ಲಿತ್ತು, ನಾನು ಬಿಡಲಿಲ್ಲ. ಅಂಥ ಗುಟ್ಟನ್ನು ಇಟ್ಟುಕೊಂಡು ಹೇಗೆ ರೊಟ್ಟಿ ತಿಂದೆನೋ, ಹೇಗೆ ಅವಳ ಮುಂದೆ ಕೂತು ‘ಮತ್ತ ಓದವ್ವಾ’ ಎಂದು ಬುದ್ಧಿ ಹೇಳಿದೆನೋ, ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಈಗ ಅವಳು ಭಾಲ್ಕಿಯಲ್ಲಿ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್. ಯಾವ ಹುಡುಗಿಗೆ ಜ್ವರ ಬಂದರೂ ಹಣೆ ಮುಟ್ಟಿ ನೋಡುವುದಿಲ್ಲ, ಆಯಾಳ ಜೊತೆ ದವಾಖಾನೆಗೆ ಕಳಿಸುತ್ತಾಳಂತೆ.

ಗೋಡೆ ಕೆರೆದ ಎರಡನೇ ದಿನ ಬಸ್ಸು ಹತ್ತಿ ಅವಳಲ್ಲಿಗೆ ಹೋದೆ. ಹುಡುಗಿಯರು ನಳದ ಹತ್ತಿರ ತಾಟು ತೊಳೆಯುತ್ತಿದ್ದರು. ಪಡಸಾಲೆಯಲ್ಲಿ ಕುರ್ಚಿ ಹಾಕಿದಳು, ಚಹಾ ತರಿಸಿದಳು. ಚಹಾ ಮುಟ್ಟದೆ ಎಲ್ಲ ಹೇಳಿದೆ. ರಿಂಗ್ ಆಗುತ್ತಿದ್ದ ಫೋನು, ಸಂಜೆಯ ಸುಳ್ಳು, ‘ಅಂದಿರಬೇಕು’ ಅಂದದ್ದು. ಹೊಡೆಯಲಿ ಎಂದೇ ಕಾದೆ.

ಅವಳು ತನ್ನ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಕೇಳಿದಳು, “ಆ ದಿನ ನೀ ಕಾಕಾಗ ನೋಡಿದ್ದೇನು?”

“ಮುಂಜಾನಿ ಗ್ವಾಡಿ ಮ್ಯಾಲಿಂದ ನೋಡಿದ್ದೆ.”

“ಮಾತು ಪೂರಾ ಆಡ್ತಿದ್ರೇನು? ನಡುವ ಉಸಿರು ತಗೋತಿದ್ರೇನು?”

“ಎರಡು ಶಬ್ದ ಆಡಿ ನಿಂದರ್ತಿದ್ರು.”

“ತುಟಿ?”

“ಕಪ್ಪಗ... ನೀಲಿ ನೀಲಿ ಇದ್ದಂಗಿದ್ದವು.”

“ಮಲಗಿದ್ರೋ ಕೂತಿದ್ರೋ?”

“ಮಲಗಲಕ್ಕ ಆಗವಲ್ದಂತ ಕೂತೇ ಇದ್ರು.”

“ಒಯ್ಯು ಅಂತಿದ್ದೆ” ಎಂದಳು. “ಬೆಡ್ ಇರಲಿ, ಬಿಡಲಿ, ಮೊದಲ ಗಾಡಿ ಹತ್ತಸು ಅಂತಿದ್ದೆ. ಉಳೀತಿದ್ರೋ ಇಲ್ಲೋ, ಅದು ಬ್ಯಾರಿ ಮಾತು. ಆದ್ರ ಇದನ್ನ ಕೇಳಿದ ಕೂಡಲೇ ಹೇಳ್ತಿದ್ದೆ.” ಮತ್ತೆ ಅಂದಳು, “ನನಗ ಬರ್ತಿತ್ತಲ್ಲೋ ಅಣ್ಣಾ... ಇಷ್ಟರ ಮಟ್ಟಿಗಿ ನನಗ ಬರ್ತಿತ್ತು.”

ಊಟದ ಗಂಟೆ ಹೊಡೆಯಿತು. ಎದ್ದು ನಿಂತಳು. ಕ್ಷಮಿಸು ಎಂದು ನಾನು ಕೇಳಲಿಲ್ಲ. ಅವಳೂ ಅದರ ಮಾತೆತ್ತಲಿಲ್ಲ. “ಇದನ್ನ ಕಾಕಾನ ಮಗಗ ಹೋಗಿ ಹೇಳು. ಅವನ ಎದಿಯೊಳಗ ಅಪ್ಪನ್ನ ಕೊಂದಾಕಿ ಅಂತ ನಾನೇ ಕೂತೀನಿ, ನೀ ಅಲ್ಲ” ಎಂದು ಹೇಳಿ ಹುಡುಗಿಯರ ಸಾಲಿನ ಕಡೆ ಹೋದಳು.

ಇನ್ನೂ ಹೇಳಿಲ್ಲ. ನಿನ್ನೆ ಅವನು ಜೋಳ ತಂದಿದ್ದ. ಬೀಸಿ ಕೊಟ್ಟೆ, ಜೊತೆಗೆ ಬಂದಿದ್ದ ಅವನ ಮಗುವನ್ನು ಹೆಸರು ಹಿಡಿದು ಮಾತಾಡಿಸಿದೆ, ಅಷ್ಟೆ. ನಾಳೆ ಅವನ ಮನೆಗೇ ಹೋಗಬೇಕು. ಅವನು ಏನು ಮಾಡುತ್ತಾನೋ ಮಾಡಲಿ. ಆದರೆ ಆ ಮನೆಯ ಬಾಗಿಲಲ್ಲಿ ನಾನು ಏನೇ ಹೇಳಿದರೂ, ಡಾಕ್ಟರ್ ಆಗಬೇಕಾಗಿದ್ದ ಹುಡುಗಿಗೆ ತನಗೆ ಬರುತ್ತಿತ್ತು ಎಂಬುದು ತಿಳಿಯುವುದರೊಳಗೆ ಅವಳ ಓದಿನ ವಯಸ್ಸು ಕಳೆದುಹೋಗಿದೆ.