ಇತಿಹಾಸದ ಮೇಷ್ಟ್ರು ಮತ್ತು ಗಂಡಸಿ ಬಸ್ಸು

೧೯೯೮ರ ಜೂನ್, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಅರಸೀಕೆರೆಯ ನಮ್ಮ ಪುಟ್ಟ ಕಲಾ ಕಾಲೇಜಿನಲ್ಲಿ ಪ್ರಾಂಶುಪಾಲನಾದ ನಾನು, ಇತಿಹಾಸದ ಮೇಷ್ಟ್ರು, ಗಂಡಸಿಯ ರೈತರೊಬ್ಬರು, ಅವರ ಮಗಳು ಇದ್ದೆವು. ಸಂಜೆಯೊಳಗೆ ಇನ್ನು ನಾಲ್ಕೈದು ಮಕ್ಕಳು ಸೇರದಿದ್ದರೆ ಆಡಳಿತ ಮಂಡಳಿ ಇತಿಹಾಸ ವಿಭಾಗವನ್ನು ಮುಚ್ಚುವುದಿತ್ತು.

ಮೇಷ್ಟ್ರು ರಜೆಯಲ್ಲೆಲ್ಲ ಮಕ್ಕಳನ್ನು ಹುಡುಕುತ್ತ ಊರೂರು ಸುತ್ತಿದ್ದರು. ಯಾರು ಆಗದು ಎಂದರೂ ಕನ್ನಡಕವನ್ನು ಹಣೆಗೇರಿಸಿ, "ಯಾಕಾಗಲ್ಲ, ಹೇಳಿ" ಎಂದು ಕೂತುಬಿಡುತ್ತಿದ್ದರು. ಮಗಳನ್ನು ಸೇರಿಸಲಾಗದು ಎಂದ ರೈತರನ್ನು ಅಂದೂ ಹಾಗೇ ಕೇಳಿದರು.

"ಫೀಜು ಹೆಂಗೋ ಕಟ್ತೀನಿ ಮೇಷ್ಟ್ರೇ," ಎಂದರು ರೈತರು. "ನಿಮ್ ಕಾಲೇಜು ಬಿಡೋದು ನಾಲ್ಕಕ್ಕೆ. ಮೂರೂವರೆ ಬಸ್ ಹೋದ್ರೆ ಇನ್ನೊಂದು ಬರೋದು ಕತ್ತಲಾದ್ಮೇಲೆ. ಹೆಣ್ಮಗು ಅಲ್ಲೀಗಂಟ ಸ್ಟ್ಯಾಂಡಲ್ಲಿ ಕಾಯ್ಬೇಕಾ? ನಮ್ಮೂರಿನ ಬೇರೆ ಹುಡ್ಗೀರ ಮನೇಲೂ ಇದೇ ಮಾತೈತೆ."

ಮೇಷ್ಟ್ರು ನನ್ನತ್ತ ತಿರುಗಿದರು. "ಸಾರ್, ಒಂದು ಗಂಟೆ ಬೇಗ ಶುರು ಮಾಡೋಕೆ ಯಾಕಾಗಲ್ಲ, ಹೇಳಿ."

"ಹತ್ತೂವರೆಗೇ ಏದುಸಿರು ಬಿಟ್ಕೊಂಡು ಬರ್ತೀರಿ. ಒಂಬತ್ತೂವರೆಗೆ ಬರ್ತೀರೇನ್ರೀ?"

"ಈ ಹುಡುಗಿಗಿಂತ ಮುಂಚೆ ಬರ್ತೀನಿ ಸಾರ್."

ಹುಡುಗಿ ಕಿಸಕ್ಕನೆ ನಕ್ಕಳು. "ಹಂಗಾದ್ರೆ ಇವಳ ಹೆಸ್ರು ಬರ್ಕೊಳಿ. ಮಿಕ್ಕೋರ್ನೂ ಕರ್ಕಂಡ್ ಬತ್ತೀನಿ," ಎಂದು ರೈತರು ಎದ್ದರು.

ಮಧ್ಯಾಹ್ನದ ಬಸ್ಸಿನಲ್ಲಿ ಐವರು ಹುಡುಗಿಯರು ಬಂದು ಸೇರಿದರು, ವಿಭಾಗ ಉಳಿಯಿತು. ನಾನು ಹೊಸ ವೇಳಾಪಟ್ಟಿ ಬರೆದು, ಸೂಚನಾ ಫಲಕಕ್ಕೆ ಅಂಟಿಸಿ, ಕೋಣೆಗೆ ಬೀಗ ಹಾಕಿದೆ.