ಕಪಾಟಿಗೂ ಗೋಡೆಗೂ ನಡುವೆ

ಭದ್ರಾವತಿಯಲ್ಲಿ ಕಾರ್ಖಾನೆಯ ಅಧಿಕಾರಿಯೊಬ್ಬರ ಬಂಗಲೆಗೆ ಸೀಮೆಎಣ್ಣೆಯಿಂದ ನಡೆಯುವ ಐಸ್ ಪೆಟ್ಟಿಗೆ ಬಂದಿತ್ತು. ಆಳೆತ್ತರದ ಬಿಳಿ ಬೀರು; ಕೆಳಗೆ ದೀಪ ಉರಿಯುತ್ತಿದ್ದರೆ ಒಳಗೆ ನೀರು ಗಡ್ಡೆ ಕಟ್ಟುತ್ತಿತ್ತು. ಅದರ ಎರಡೂ ಪಕ್ಕಕ್ಕೆ, ಗೋಡೆ ಮುಟ್ಟುವ ಹಾಗೆ ತೇಗದ ಕಪಾಟು ಮಾಡಿಕೊಡಬೇಕೆಂದು ಆ ಮನೆಯ ಅಮ್ಮಾವರು ನಮಗೆ ಹೇಳಿಕಳಿಸಿದರು. ನಮಗೆ ಎಂದರೆ ನನಗೆ ಮತ್ತು ನನ್ನ ಅಣ್ಣನಿಗೆ. ಶಿವಮೊಗ್ಗದ ಕೋಟೆಯಲ್ಲಿ ನಮ್ಮ ಮರಗೆಲಸದ ಅಂಗಡಿ. ಅಪ್ಪ ಹೋದ ಮೇಲೆ ಅಳತೆ ತೆಗೆಯುವುದು ಯಾವತ್ತೂ ಅಣ್ಣನೇ. ಕೊಯ್ದು ಕೂಡಿಸುವುದು ನಾನು.

ಮೂರು ವಾರ ಕೆಲಸ ಮಾಡಿ, ಕಪಾಟುಗಳನ್ನು ಎತ್ತಿನ ಗಾಡಿಗೆ ಹೇರಿ, ಅದರ ಹಿಂದೆ ನಡೆದು ಹೋದೆವು. ಕಾಲುನೋವು ಇಳಿಯುವ ಮೊದಲೇ ಎಡಗಡೆಯದನ್ನು ನಿಲ್ಲಿಸಿದೆವು, ಸರಿಯಾಗಿ ಕೂತಿತು. ಬಲಗಡೆ ಮಾತ್ರ, ಪೆಟ್ಟಿಗೆಗೆ ಗಾಳಿಯಾಡಲು ನಾಲ್ಕು ಬೆರಳು ಬಿಟ್ಟ ಮೇಲೂ ಕಪಾಟಿಗೂ ಗೋಡೆಗೂ ನಡುವೆ ಗೇಣಗಲದ ಸಂದು ಉಳಿಯಿತು.

“ಗೋಡೆ ಸೊಟ್ಟ ಐತೆ ಕಣೋ,” ಎಂದ ಅಣ್ಣ.

ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ನೋಡಿದೆ. ಗೋಡೆ ನೆಟ್ಟಗಿತ್ತು. ದಾರ ಸುತ್ತಿ ಗುಂಡನ್ನು ಚೀಲಕ್ಕೆ ಹಾಕಿದೆ. ಒಂದು ವರ್ಷದಿಂದ ಅವನು ಅಳತೆಕೋಲನ್ನು ಬೆಳಕಿಗೆ ಹಿಡಿದು ತಿರುಗಿಸುವುದನ್ನು ಕಂಡಿದ್ದೆ. ಕಂಡೂ ಕೇಳಿರಲಿಲ್ಲ. ಕೇಳಿದರೆ ಅಳತೆಯ ಕೆಲಸವೂ ನನ್ನ ತಲೆಗೇ ಬರುತ್ತದೆ ಎಂದು ಸುಮ್ಮನಿದ್ದೆ.

ಸಂದು ಮುಚ್ಚಲು, ಜೊತೆಗೆ ತಂದಿದ್ದ ಬೇರೊಂದು ತೇಗದ ಹಲಗೆಯಲ್ಲಿ ಒಂದು ಪಟ್ಟಿ ಕೊಯ್ದೆ. ಗಾರೆಯ ಉಬ್ಬು ತಗ್ಗಿಗೆ ಅದು ಕೂರಲೊಲ್ಲದು. ಇಟ್ಟು ನೋಡುವುದು, ತೆಗೆಯುವುದು, ಅಂಚು ಕೆತ್ತುವುದು, ಮತ್ತೆ ಇಡುವುದು. ಮಧ್ಯಾಹ್ನದ ಹೊತ್ತಿಗೆ ಭುಜ ಬಿದ್ದುಹೋಗಿತ್ತು. ಅಣ್ಣ ಹೊಸ್ತಿಲ ಮೇಲೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದ.

ಅಮ್ಮಾವರು ಬಂದು ನಿಂತರು. “ಈ ಪಟ್ಟಿ ನಾನು ಹೇಳಿರ್ಲಿಲ್ವಲ್ಲ ಆಚಾರ್ರೆ?”

“ಗೋಡೆ ಸ್ವಲ್ಪ ಸೊಟ್ಟ ಇದೆ ಅಮ್ಮಾವ್ರೆ,” ಎಂದೆ.

ಅಣ್ಣ ಎದ್ದು ಬಂದ. “ಗೋಡೆ ಸರಿಯಾಗೇ ಐತೆ ತಾಯಿ. ನಂಗೆ ಕಣ್ಣು ಕಾಣಲ್ಲ. ಗೆರೆ ತಪ್ಪಾಗಿ ಓದ್ದೆ.”

ಆಕೆ ಪಟ್ಟಿಯನ್ನು ಬೆರಳಿಂದ ಸವರಿ ನೋಡಿದರು. ಅದರ ಬಣ್ಣವೂ ಕಪಾಟಿಗಿಂತ ಬೇರೆಯೇ ಇತ್ತು. “ಇರ್ಲಿ ಬಿಡಿ. ಕೈ ಒರೆಸೋ ಬಟ್ಟೆ ನೇತುಹಾಕಕ್ಕೆ ಅದರ ಮೇಲೆ ಒಂದು ಮೊಳೆ ಹೊಡ್ಕೊಡಿ,” ಎಂದರು.

ಮೊಳೆಯನ್ನು ಅಣ್ಣನೇ ಹೊಡೆದ, ಎಡಗೈ ಹೆಬ್ಬೆರಳಿಂದ ಅದರ ತಲೆ ತಡವಿ ತಡವಿ. ಆಮೇಲೆ ಆಕೆ ಐಸ್ ಪೆಟ್ಟಿಗೆಯ ನೀರು ಕೊಟ್ಟರು. ಹಲ್ಲು ಜುಮ್ಮೆಂದು ಅಣ್ಣ ಅರ್ಧಕ್ಕೇ ಲೋಟ ಇಟ್ಟ.

ಸಂಜೆಯ ರೈಲಿನಲ್ಲಿ ಹೊರಟೆವು. ದಾರಿಯಲ್ಲಿ ಅಣ್ಣನೇ ಹೇಳಿದ: “ಇನ್ಮೇಲೆ ಅಳತೆ ನೀನೇ ತಗೋ ಮಾರಾಯ. ನಂಗೂ ಸಾಕಾಗೈತೆ.”

“ಹೂಂ,” ಎಂದೆ. ಅವನ ಪಕ್ಕದಲ್ಲಿದ್ದ ಅಳತೆಕೋಲನ್ನು ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ. ಅಲ್ಲಿಂದ ಮುಂದೆ ಅಣ್ಣ ಅಂಗಡಿಯಲ್ಲೇ ಕೂತು, ನಾನು ಕೊಯ್ದ ಹಲಗೆಗಳನ್ನು ಕೈಯಲ್ಲಿ ತಡವಿ ನಯಮಾಡುತ್ತಿದ್ದ. ಅಳತೆಗೆಂದು ಭದ್ರಾವತಿಗೆ ನಾನೊಬ್ಬನೇ ಹೋಗಿ ಬರುತ್ತಿದ್ದೆ.