ಒಂದು ಕಿವಿ ನೀರಿಗೆ

1998ರಲ್ಲಿ ಎಂಟನೇ ಕ್ಲಾಸಿನ ನಡುವೆ ಓದು ನಿಲ್ಲಿಸಿ ಹಿಂದೂಪುರದ ಪವರ್‌ಲೂಮ್ ಶೆಡ್ಡಿಗೆ ಹೋದೆ. ಸದ್ದಿಲ್ಲದ ಬೆಳಗು ಹೇಗಿರುತ್ತದೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಕಲ್ಯಾಣದುರ್ಗದಲ್ಲೇ. ಬಂದ ಮರುದಿನ ಬಾಡಿಗೆ ಕೋಣೆಯಲ್ಲಿ ದಡಕ್ಕನೆ ಎದ್ದು ಕುಳಿತೆ. ಯಾರೂ ಕೂಗಿರಲಿಲ್ಲ, ಏನೂ ಬಿದ್ದಿರಲಿಲ್ಲ. ಸದ್ದು ಇಲ್ಲದಿದ್ದದ್ದೇ ನನ್ನನ್ನು ಎಬ್ಬಿಸಿತ್ತು. ನೇಯುವವನಿಗೆ ಮಗ್ಗ ಸುಮ್ಮನಾಯಿತೆಂದರೆ ಎಳೆ ಕಡಿದಿದೆ ಎಂದರ್ಥ. ನನ್ನ ಕೈ ತಾನಾಗಿಯೇ ಎಳೆ ಹುಡುಕಿತು. ಸಿಕ್ಕಿದ್ದು ಗೋಡೆ.

ನಮ್ಮ ಶೆಡ್ಡಿನ ಯಜಮಾನರು ಮಗ್ಗಗಳನ್ನು ಮಾರಿಬಿಟ್ಟಿದ್ದರು. ಬೇರೆ ಶೆಡ್ಡುಗಳಿದ್ದವು, ಇಲ್ಲವೆನ್ನುವುದಿಲ್ಲ. ಆದರೆ ನಾನೇ ಕೆಲಸ ಕಲಿಸಿದವರ ಮುಂದೆ ಹೋಗಿ ಕೆಲಸ ಕೇಳುವುದು ನನ್ನಿಂದಾಗದು. ಕಲ್ಯಾಣದುರ್ಗದ ಹೊರಗೆ ಓಬಳಮ್ಮ ಎನ್ನುವವರ ನರ್ಸರಿಯಲ್ಲಿ ಆಳು ಬೇಕು ಎಂದು ಕೇಳಿ ಬಂದೆ. ಹೆಂಡತಿ ಸರೋಜ ಮತ್ತು ಮಗಳು ಹಿಂದೂಪುರದಲ್ಲೇ ಉಳಿದರು. ಮಗಳ ಪರೀಕ್ಷೆ ಮುಗಿಯುವ ಹೊತ್ತಿಗೆ ನನ್ನ ಕೆಲಸ ಗಟ್ಟಿಯಾಗಿದ್ದರೆ ಅವರು ಬರುವುದು, ಇಲ್ಲವಾದರೆ ನಾನು ತಲೆ ತಗ್ಗಿಸಿಕೊಂಡು ವಾಪಸು ಹೋಗುವುದು ಎಂದು ಮಾತಾಗಿತ್ತು.

ಮೊದಲ ದಿನವೇ ಓಬಳಮ್ಮ ನನ್ನನ್ನು ನೀರಿನ ತೊಟ್ಟಿಯ ಹತ್ತಿರ ನಿಲ್ಲಿಸಿದರು. ಅವರ ಮನೆಮಾತು ತೆಲುಗು, ನನಗೋಸ್ಕರ ಅರ್ಧ ಕನ್ನಡ.

"ನೋಡಪ್ಪಾ ಹಿಂದೂಪುರಂ," ಎಂದರು. ಇಲ್ಲಿ ನನ್ನ ಹೆಸರೇ ಅದು. "ನೀರು ಧಾರೆಯಾಗಿ ಬಿದ್ರೆ ಸರಿ. ಬಿಕ್ಕಳಿಕೆ ಬಂತೋ, ಓಡೋಗಿ ಮೋಟಾರ್ ಆಫ್ ಮಾಡ್ಬೇಕು. ಬೋರ್‌ನಾಗೆ ನೀರಿಲ್ದೆ ಓಡಿದ್ರೆ ಸುಟ್ಟೋಯ್ತದೆ. ನಿನ್ಕಿಂತ ಮುಂಚೆ ಇದ್ದೋನು ಸುಟ್ಬುಟ್ಟ. ಸಂಜೆಗೇ ಗಂಟು ಕಟ್ಸಿ ಕಳಿಸ್ದೆ."

ಅಂದಿನಿಂದ ಆ ಬಿಕ್ಕಳಿಕೆಯ ಭಯ ನನ್ನನ್ನು ಬಿಡಲಿಲ್ಲ. ಹಿಂದೂಪುರದಲ್ಲಿ ಸದ್ದು ನಿಂತರೆ ಭಯ, ಇಲ್ಲಿ ಸದ್ದು ಬದಲಾದರೆ ಭಯ. ಅಲ್ಲಿ ಒಂದು ಮಾತು ತೆಲುಗಾದರೆ ಮುಂದಿನದು ಕನ್ನಡ. ಇಲ್ಲಿ ನರ್ಸರಿಯಲ್ಲಿ ಸಂಜೆಯವರೆಗೂ ತೆಲುಗೇ. ಕನ್ನಡ ಕೇಳದೆ ಕಿವಿ ಒಣಗಿದಂತಾಗುತ್ತಿತ್ತು. ಅದನ್ನು ಫೋನಿನಲ್ಲಿ ಹೇಳಿಕೊಂಡಾಗ ಮಗಳು ಪಾಡ್‌ಕಾಸ್ಟ್ ಕೇಳುವುದನ್ನು ಹೇಳಿಕೊಟ್ಟಳು. ಪಾಡ್‌ಕಾಸ್ಟ್ ಎಂದರೆ ಫೋನಿನೊಳಗಿನ ರೇಡಿಯೋ ಮಾತು, ಬೇಕಾದಾಗ ಕೇಳಬಹುದು. ಚಿತ್ರವಿಲ್ಲ, ಕೈಯೂ ಕಣ್ಣೂ ಕೆಲಸದ ಮೇಲೇ ಇರುತ್ತವೆ. ಎಂಟನೇ ಕ್ಲಾಸಿಗೆ ಪುಸ್ತಕ ಮುಚ್ಚಿದವನಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ.

ಗಿಡದ ಪಾಡ್‌ಕಾಸ್ಟ್‌ಗಳಲ್ಲಿ ಕೇಳತಕ್ಕದ್ದು ಯಾವುದು ಎಂದು ಹಿಂದೂಪುರದವರು ಕೇಳುತ್ತಾರೆ. ತಾನು ಯಾವ ಊರಿನ ಮಣ್ಣಿನ ಮೇಲೆ ನಿಂತು ಮಾತಾಡುತ್ತಿದ್ದೇನೆ ಎಂದು ಮೊದಲೇ ಹೇಳುವವರದನ್ನು ಕೇಳಿ. ಮೈಸೂರು ಕಡೆಯ ಹೆಂಗಸೊಬ್ಬರಿದ್ದಾರೆ, ನೀರು ಹಾಕುವ ಮುಂಚೆ ಮಣ್ಣಿನಲ್ಲಿ ಬೆರಳಿಟ್ಟು ನೋಡಿ ಎಂದು ಪ್ರತಿ ಸಲ ಹೇಳುತ್ತಾರೆ. ಅವರನ್ನು ನಂಬಿದೆ, ಕೆಡಲಿಲ್ಲ. ಕರಾವಳಿಯ ತೆಲುಗಿನವರೊಬ್ಬರು ಕಾಲುವೆ ನೀರು ಬಿಡಿ ಎನ್ನುತ್ತಾರೆ. ದನಿ ಚೆಂದ, ಕಾಲುವೆ ಎಲ್ಲಿಂದ ತರಲಿ? ಇನ್ನೊಬ್ಬ ರೈತ ತನ್ನ ಯಾವ ಸಸಿ ಏಕೆ ಸತ್ತಿತು ಎಂದೇ ಹೇಳುತ್ತಾನೆ. ನನ್ನ ಮಟ್ಟಿಗೆ ಅವನೇ ಎಲ್ಲರಿಗಿಂತ ಮೇಲು.

ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಾನು ಸಸಿ ಚೀಲಕ್ಕೆ ಮಣ್ಣು ತುಂಬುತ್ತಿದ್ದರೆ ಓಬಳಮ್ಮ ಬಿಡುತ್ತಿರಲಿಲ್ಲ.

"ಪಾಟಲು ತರ್ವಾತ, ಮುಂದು ನೀಳ್ಳು ವಿನು!" ಹಾಡು ಆಮೇಲೆ, ಮೊದಲು ನೀರು ಕೇಳು ಎಂದು.

"ಹಾಡಲ್ಲ ಕಣಮ್ಮ, ಕೆಲ್ಸ ಕಲೀತಿದೀನಿ."

"ಮೊಕ್ಕ ನೆಡೋದು ಕೈಯಾಗೋ, ಕಿವಿಯಾಗೋ?" ಮೊಕ್ಕ ಎಂದರೆ ಸಸಿ. ಅಲ್ಲಿದ್ದ ಹೆಂಗಸರೆಲ್ಲ ನಕ್ಕರು. ನನಗೆ ಸಿಟ್ಟು ಬಂತು, ಇಯರ್‌ಫೋನ್ ತೆಗೆಯಲಿಲ್ಲ.

ಒಂದು ಮಧ್ಯಾಹ್ನ, ಮೈಸೂರಿನವರು ಗುಲಾಬಿಯ ಮಾತಾಡುತ್ತಿದ್ದಾಗ ಇಯರ್‌ಫೋನಿನ ಎಡಗಡೆಯ ತುದಿ ಗರ್ ಎಂದು ಸತ್ತಿತು. ಥೂ ಎಂದು ಅದನ್ನು ಕಿತ್ತೆ. ಆ ಕಿವಿಗೆ ತೊಟ್ಟಿ ಕೇಳಿಸಿತು. ಗಳ್. ಆಮೇಲೆ ಸದ್ದಿಲ್ಲ. ಮತ್ತೆ ಗಳ್. ಕಡಿದ ಎಳೆಯ ಸದ್ದು ಅದು.

ಸಸಿಗಳ ಸಾಲು ಹಾರಿಕೊಂಡು ಓಡಿದೆ. ಮೋಟಾರಿನ ಸ್ವಿಚ್ಚು ಆಫ್ ಮಾಡಿದೆ. ಓಬಳಮ್ಮ ಸೆರಗು ಎತ್ತಿಕಟ್ಟಿಕೊಂಡು ಬಂದರು. ನೀರು ಊರಲಿ ಎಂದು ಕಾದು ಮತ್ತೆ ಆನ್ ಮಾಡಿದರು. ಇಬ್ಬರೂ ಪೈಪಿನ ಬಾಯನ್ನೇ ನೋಡುತ್ತ ನಿಂತೆವು. ಹೆಂಡತಿ, ಮಗಳು, ನಾನು ಬಿಟ್ಟುಬಂದ ಶೆಡ್ಡುಗಳು, ಎಲ್ಲ ಆ ಬಾಯಲ್ಲೇ ಸಿಕ್ಕಿಕೊಂಡಿದ್ದವು. ಆಮೇಲೆ ಧಾರೆ ಬಿತ್ತು.

"ಈ ಇಯರ್‌ಫೋನ್ ಬಿಸಾಕ್ತೀನಮ್ಮ," ಎಂದೆ.

"ಯಾಕೆ ಬಿಸಾಕ್ತೀಯ? ಒಂದು ಕಿವಿ ನಿಂದು, ಒಂದು ಕಿವಿ ನಂದು. ಅಷ್ಟೇ ಲೆಕ್ಕ."

ಸಂಜೆ ಸರೋಜಳಿಗೆ ಫೋನ್ ಮಾಡಿ ಹೇಳಿದೆ. ಅವಳ ಮಾತಿನ ಹಿಂದೆ ಪಕ್ಕದ ಮನೆಯ ಮಗ್ಗ ಓಡುತ್ತಿತ್ತು.

"ಅಲ್ಲ ಕಣ್ರೀ, ಮಗ್ಗದ ಮುಂದೆ ಕುಂತಿದ್ರೆ ನಾನು ಕೂಗ್ಕಂಡ್ರೂ ಕೇಳಿಸ್ತಿರಲಿಲ್ಲ. ನೀರು ಕೇಳಿಸ್ತಾ ನಿಮ್ಗೆ?"

"ಕೇಳಿಸ್ತು ಕಣೇ."

"ಹಂಗಾದ್ರೆ ಬತ್ತೀವಿ. ನನ್ ಮಾತೂ ಕೇಳಿಸ್ಬೋದು."

ಮಗಳ ಪರೀಕ್ಷೆ ಮುಗಿದ ಮೇಲೆ ಬಂದರು. ಆದರೂ ಭಯ ಹೋಗಿಲ್ಲ. ಹಬ್ಬಕ್ಕೆ ಹಿಂದೂಪುರಕ್ಕೆ ಹೋದಾಗ ಬೆಳಿಗ್ಗೆ ಅದೇ ಮಗ್ಗಗಳ ಸದ್ದಿನ ನಡುವೆ ದಡಕ್ಕನೆ ಎದ್ದು ಕುಳಿತೆ. ನೀರು ಕೇಳಿಸುತ್ತಿರಲಿಲ್ಲ. "ಕಲ್ಯಾಣದುರ್ಗದೋರಿಗೆ ನಮ್ಮೂರ ಸದ್ದು ಆಗಲ್ವೇನೋ," ಎಂದು ನಮ್ಮಣ್ಣ ನಕ್ಕ.

ಈಗ ನನಗಿರುವುದು ಇಷ್ಟು: ಹೆಂಡತಿ ಒಬ್ಬಳು, ಮಗಳು ಒಬ್ಬಳು, ಬಾಡಿಗೆ ಕೋಣೆ ಒಂದು, ಊರು ಎರಡು, ಕಿವಿ ಎರಡು, ಮಾತಾಡುವ ಇಯರ್‌ಫೋನ್ ತುದಿ ಒಂದು.